ಹಳೇದು ಅಂದದ್ದೆಲ್ಲಾ ಹಳೇದಲ್ರವ್ವಾ

ಹೋದ ವಾರ ಶಿಗ್ಗಾಂವಿಯಿಂದ ನಮ್ಮ ಸಣ್ಣ ನೆಗೆಣ್ಣಿ ಫೋನ್ ಮಾಡಿದ್ಲು. ಮಗಳ ಲಗ್ನ ಹತ್ರ ಬಂದೈತಿ, ದೇವರ ಮುಂದ ಇಡಾಕ ಹಳೇ ಹಿತ್ತಾಳಿ ಸಮೆ ಬೇಕಂತ. ವಾಟ್ಸಾಪಿಗೆ ಒಂದು ಫೋಟೋ ಕಳಿಸಿದ್ಲು. ಕೆಳಗ ಬರದಿತ್ತು: "ಸವಣೂರ ನವಾಬರ ಮನೆತನದ್ದು, 200 ವರ್ಷ ಹಳೇದು, 7,000 ರೂಪಾಯಿ, ಇವತ್ತ ಅರ್ಧಾ ರೊಕ್ಕ ಹಾಕಿದ್ರ ತಗದಿಡ್ತೀನಿ."

"ಹಾಕ್ಲೇನಕ್ಕಾ?" ಅಂದ್ಲು.

"ನವಾಬರ ಮನ್ಯಾಗಿನ ಸಮೆ ಇವನ ಕೈಗೆ ಹೆಂಗ ಬಂತು ಅಂತ ಮೊದಲ ಕೇಳವಾ" ಅಂದೆ.

ಬುದ್ಧಿ ಹೇಳಾಕ ನಾನೇನು ಶ್ಯಾಣ್ಯಾಕಿ ಅಲ್ಲ. ಎರಡು ವರ್ಷದ ಹಿಂದ ನಾನೂ ಹಿಂಗ ಒಂದು ನಾಣ್ಯ ತರಿಸಿದ್ದೆ. ಒಂದು ಕಡೆ ಹನುಮಪ್ಪ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇಸವಿ. ದೇವರ ಜಗಲಿ ಮ್ಯಾಲೆ ಇಟ್ಟು ವರ್ಷಗಟ್ಟಲೆ ಕುಂಕುಮ ಹಚ್ಚಿದೆ. ನಮ್ಮ ಪತ್ತಾರ ಒಮ್ಮೆ ನೋಡಿ ನಕ್ಕಬಿಟ್ರು. ಹನುಮಪ್ಪ, ರಾಮ-ಸೀತಾ ಇರೋ ಇಂಥಾ ನಾಣ್ಯ ಕಂಪನಿಯವರು ಹೊರಡಿಸೇ ಇಲ್ಲಂತ. ಈಗಿನ ಕಾಲದಾಗ ಅಚ್ಚು ಹಾಕಿ ಮಾರೋ ಬಿಲ್ಲಿ ಅವು. ಹನುಮಪ್ಪಗ ಕೈ ಮುಗಿಯೂದು ನಾ ಬಿಟ್ಟಿಲ್ಲ, ಆದ್ರ 3,000 ರೂಪಾಯಿ ಹೋದ್ದು ಮನಿಯವರಿಗೆ ಇವತ್ತಿಗೂ ಹೇಳಿಲ್ಲ.

ಅದಕ್ಕ ಕಲಿತದ್ದನ್ನ ಇಲ್ಲಿ ಬರೀತೀನಿ. ವಿಕ್ಟೋರಿಯಾ ರಾಣಿ ಬೆಳ್ಳಿ ರೂಪಾಯಿ ತೂಕ 11.66 ಗ್ರಾಂ ಆಸುಪಾಸು ಇರತೈತಿ, ಸವದಿದ್ರ ಒಂಚೂರು ಕಡಿಮಿ. ಅದಕ್ಕ ಆಯಸ್ಕಾಂತ ಹಿಡಿಯಂಗಿಲ್ಲ. ಹಿಡಿದ್ರ ಅದು ಬೆಳ್ಳಿ ಅಲ್ಲ. ಹಂಗಂತ ಹಿಡೀಲಿಲ್ಲ ಅಂದಕೂಡ್ಲೆ ಬೆಳ್ಳಿ ಅನ್ನಾಕೂ ಬರಂಗಿಲ್ಲ, ತಾಂಬ್ರಕ್ಕೂ ಹಿತ್ತಾಳಿಗೂ ಅದು ಹಿಡಿಯಂಗಿಲ್ಲ. ತೂಕಕ್ಕೂ ಒರಿಗೂ ಪತ್ತಾರನ ಕೈಯಾಗ ಕೊಡೂದೇ ಸೈ.

ಬಾಂಡೆ ಸಾಮಾನು ಗುರ್ತು ಹಿಡಿಯೂದು ನಮಗ ಗಂಡಸರಿಗಿಂತ ಛಲೋ ಗೊತ್ತೈತಿ. ಮೂವತ್ತು ವರ್ಷ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದ ಕೈ ನಮ್ಮವು. ಖರೇ ಹಳೇ ತಂಬಿಗಿ ಕೈ ಹಿಡಿಯೋ ಕಡೆ ಸವದಿರತೈತಿ, ಕುಂಡಿ ನೆಲಕ್ಕ ತಾಗಿ ತಾಗಿ ನುಣ್ಣಗಾಗಿರತೈತಿ, ಸಂದಿಗೊಂದಿಯೊಳಗ ಮಾತ್ರ ಕಪ್ಪು ಕೂತಿರತೈತಿ. ಮೋಸದ್ದು ಎಲ್ಲಾ ಕಡೆ ಒಂದಸಮ ಕಪ್ಪು, ಒಂದಸಮ ಹಸರು. ಉಗುರಿಲೆ ಕೆರದ್ರ ಹಸರು ಪುಡಿ ಉದರಿದ್ರ ಅದು ಮೊನ್ನೆ ಹಚ್ಚಿದ ಬಣ್ಣ ಅಂತ ತಿಳ್ಕೋರಿ. ಫೋಟೋದಾಗ ಇದ್ಯಾವುದೂ ಕಾಣಂಗಿಲ್ಲ. ವಿಡಿಯೋ ಕಾಲ್ ಮಾಡಸ್ರಿ, ಬುಡ ತೋರ್ಸು, ತಕ್ಕಡಿ ಮ್ಯಾಲೆ ಇಡು ಅನ್ರಿ. ಅದ ಫೋಟೋ ಬ್ಯಾರೇ ಕಡೆ ಐತೇನು ಅಂತ ಗೂಗಲ್‌ನ್ಯಾಗ ಹುಡಕಾಕ ಮಕ್ಕಳಿಗೆ ಹೇಳ್ರಿ.

ಸಾಮಾನಿಗಿಂತ ಮೊದಲ ಮಾರಾವನ್ನ ನೋಡ್ಬೇಕು ಅಂತೀನಿ ನಾನು. ಅವಸರ ಮಾಡಾವ, ಬಿಲ್ ಕೊಡದಾವ, ಸಾಮಾನು ಬರೋ ಮುಂಚೆ ರೊಕ್ಕ ಕೇಳಾವ, ಇವರ ಹಂತ್ಯಾಕ ಹೋಗಬ್ಯಾಡ್ರಿ. "ನಿಮ್ಮ ಹಳೇ ನೋಟು ಲಕ್ಷಕ್ಕ ತಗೋತೀವಿ, ಮೊದಲ ಫೀ ಕಟ್ರಿ" ಅನ್ನೋರೂ ಅದಾರ. ಇಂಥಾದ್ದಕ್ಕ ತನ್ನ ಹೆಸರು ಬಳಸಾಕತ್ತಾರ, ತಾನು ಯಾವ ಕಮಿಷನ್ನೂ ಕೇಳಂಗಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನ್ಯಾಗ ಎಚ್ಚರಿಕಿ ಕೊಟ್ಟಿತ್ತು. ರೊಕ್ಕ ನಮ್ಮ ಖಾತೆಕ್ಕ ಬರಾಕ ಪಿನ್ ಒತ್ತೋದು ಬೇಕಾಗಿಲ್ಲ. ಮೋಸ ಆದ್ರ ನಾಚಗೊಂಡು ಕುಂದ್ರಬ್ಯಾಡ್ರಿ, ತಡಾ ಮಾಡದ 1930ಕ್ಕ ಫೋನ್ ಹಚ್ರಿ. ನಾ ನಾಚಗೊಂಡು ಕುಂತೆ, ಅದ ನನ್ನ ತಪ್ಪು.

ಇನ್ನೊಂದು ಮಾತು ಐತಿ, ನನಗ ಅದ ದೊಡ್ಡದು. ಸಾಮಾನು ಖರೇನ ಹಳೇದು ಇದ್ರ? 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ, ಮೂರ್ತಿ, ಕುಸುರಿ ಸಾಮಾನು ಎಲ್ಲಾ ಪುರಾವಸ್ತು. ಅದರ ವ್ಯಾಪಾರ ಮಾಡಾಕ ಲೈಸೆನ್ಸ್ ಬೇಕು. ಅಂದ್ರ 200 ವರ್ಷ ಅನ್ನಾವಗ "ಲೈಸೆನ್ಸ್ ತೋರ್ಸಪಾ" ಅಂತ ಕೇಳಿದ್ರ ಮುಗೀತು. ಇಲ್ಲ ಅಂದ್ರ ಒಂದೋ ವರ್ಷ ಸುಳ್ಳು, ಇಲ್ಲಾ ವ್ಯಾಪಾರ ಕಳ್ಳಂದು.

ಕಲ್ಲಿನ, ಪಂಚಲೋಹದ ಮೂರ್ತಿ ಅಂತೂ ಮುಟ್ಟಲೇಬ್ಯಾಡ್ರಿ. ನಮ್ಮ ಹಾನಗಲ್ಲ ತಾರಕೇಶ್ವರಕ್ಕ ಪುರಾತತ್ವ ಇಲಾಖೆಯ ಕಾವಲು ಐತಿ. ಹಾನಗಲ್ಲ, ಹಿರೇಕೆರೂರ ಕಡೆ ಹಳ್ಳ್ಯಾಗ ಕೆರಿ ದಂಡಿ ಮ್ಯಾಲೆ, ಹನುಮಪ್ಪನ ಗುಡಿ ಬಾಜೂಕ ನಿಂತ ವೀರಗಲ್ಲಿಗೆ, ನಾಗಪ್ಪಗ ಯಾರು ಕಾವಲು? ನಾವು ತಗೋತೀವಿ ಅಂದ್ರ ಕೀಳಾವ ಹುಟ್ಟತಾನ. ಮೂರ್ತಿ ಸುಳ್ಳಿದ್ರ ನಮಗ ಮೋಸ, ಖರೇ ಇದ್ರ ಯಾವುದೋ ಊರಿಗೆ ಮೋಸ. ಬ್ಯಾರೇ ಊರಿನ ದೇವರನ್ನ ನಮ್ಮ ಶೋಕೇಸಿನ್ಯಾಗ ಇಟ್ಟು ದೀಪ ಹಚ್ಚಿದ್ರ ಪುಣ್ಯ ಬರತೈತೇನ್ರಿ?

ನೆಗೆಣ್ಣಿ ಲೈಸೆನ್ಸ್ ಕೇಳಿದ್ಲು. "ಬ್ಯಾರೇ ಗಿರಾಕಿ ಅದಾರ" ಅಂದಾವ ಮತ್ತ ಫೋನ್ ಎತ್ತಲಿಲ್ಲ. ಆಕಿಗೆ ನನ್ನ ಮ್ಯಾಲೆ ಸಿಟ್ಟು ಬಂತು. ಆಮ್ಯಾಲೆ ಹೇಳಿದ್ಲು. ಮನಿ ಪಾಲಾದಾಗ ನಮ್ಮ ಅತ್ತಿಯವರ ಜೋಡಿ ಸಮೆ ನನಗೊಂದು, ಆಕಿಗೊಂದು ಬಂದಿದ್ವು. ಮಳಿ ಹೋದ ವರ್ಷ ಆಕಿ ತಂದನ್ನ ಮೋಡಕಾದವಗ ತೂಕದ ಲೆಕ್ಕಕ್ಕ ಹಾಕಿದ್ಲಂತ. ಲಗ್ನಕ್ಕ ಬಂದ ಮಂದಿ ಕೇಳಿದ್ರ ಏನು ಹೇಳ್ಲಿ ಅಂತ ಹಳೇದನ್ನ ಹುಡಕಾಕತ್ತಿದ್ಲು.

ನನ್ನ ಹಂತ್ಯಾಕ ಇರೋದನ್ನ ಲಗ್ನಕ್ಕ ಒಯ್ಯಿ ಅಂದೀನಿ. ಜೋಡಿಗೆ ಹೊಸಾದೊಂದು ಕಂಚಗಾರರ ಕಡೆ ತಗೊಳ್ಳೋಣು, ಹೊಸಾದು ಅಂತನ ಹೇಳೋಣು. ನೀವೂ ಅಟ್ಟದ ಮ್ಯಾಲಿನ ಬಾಂಡೆ ಇಳಿಸಿ, ಯಾರದು, ಯಾವಾಗಿಂದು ಅಂತ ಒಂದು ಚೀಟಿ ಬರದು ಫೋಟೋ ತಗದಿಡ್ರಿ. ಮೋಡಕಾದವ ಓಣ್ಯಾಗ ಕೂಗಿದಾಗ ಮೊದಲ ಆ ಚೀಟಿ ಓದ್ರಿ.