ಪತ್ತೆದಾರರ ಯಜಮಾನಿಕೆ

ಪತ್ತೆದಾರಿ ಕಾದಂಬರಿಗಳನ್ನು ಓದುವ ಹುಡುಗರು ಯಾವ ಮನೆಯಲ್ಲಿಲ್ಲ? ಹುಡುಗರ ಮಾತೇಕೆ, ಊಟವಾದ ಮೇಲೆ ಕನ್ನಡಕವನ್ನೇರಿಸಿ ಅದೇ ಪುಸ್ತಕವನ್ನು ಗುಟ್ಟಾಗಿ ತಿರುವಿಹಾಕುವ ತಾತಂದಿರನ್ನೂ ನಾನು ಬಲ್ಲೆನು. ಆ ಕಥೆಗಳಲ್ಲಿ ಪತ್ತೆದಾರನು ಒಬ್ಬಂಟಿಗ, ಮಹಾಮೇಧಾವಿ. ಚಿಟಿಕೆ ಬೂದಿಯನ್ನು ನೋಡಿ ಕೊಲೆಗಾರನ ಹುಟ್ಟೂರನ್ನು ಹೇಳಬಲ್ಲವನು. ವಾಸ್ತವ ಪ್ರಪಂಚದಲ್ಲಿ ದೊಡ್ಡ ಅಪರಾಧಗಳನ್ನು ಭೇದಿಸತಕ್ಕದ್ದು ಒಬ್ಬನಲ್ಲ, ಒಂದು ತಂಡ. ತಂಡವೆಂದ ಮೇಲೆ ಅದಕ್ಕೊಬ್ಬ ಯಜಮಾನನಿರಲೇಬೇಕು. ಅವನ ಕೆಲಸವು ಎಂತಹುದೆಂಬುದನ್ನು ಈ ತಿಂಗಳು ವಾಚಕ ಮಹಾಶಯರ ಮುಂದಿಡಬೇಕೆಂದಿದ್ದೇನೆ. ಅದಕ್ಕಾಗಿ ನಾವು ಅಮೆರಿಕದ ಷಿಕಾಗೋ ನಗರದವರೆಗೆ ಹೋಗಿಬರಬೇಕಾಗಿದೆ.

ಆ ದೇಶದ ಸರ್ಕಾರವು ಎರಡಂತಸ್ತಿನ ಮನೆಯಂತೆ. ಕೆಳಗಿನ ಅಂತಸ್ತು ಒಂದೊಂದು ಸಂಸ್ಥಾನದ್ದು; ಕೊಲೆ, ಸುಲಿಗೆ, ದೊಂಬಿ ಮೊದಲಾದುವುಗಳ ವಿಚಾರಣೆಯು ಸಾಮಾನ್ಯವಾಗಿ ಅಲ್ಲಿಯೇ ಆಗತಕ್ಕದ್ದು. ಮೇಲಿನದು ಎಲ್ಲ ಸಂಸ್ಥಾನಗಳಿಗೂ ಸೇರಿದ ಒಕ್ಕೂಟದ ಸರ್ಕಾರ. ನಾಣ್ಯ, ಅಂಚೆ, ಸುಂಕ, ವರಮಾನ ತೆರಿಗೆಗಳಿಗೆ ಸಂಬಂಧಪಟ್ಟ ಅಪರಾಧಗಳು ಅದರ ಪಾಲಿಗೆ. 1920ರಿಂದ 1933ರವರೆಗೆ ಅಲ್ಲಿ ಪಾನನಿರೋಧವಿದ್ದಿತು. ಆ ಕಾಲದಲ್ಲಿ ಕಳ್ಳ ಹೆಂಡ, ಜೂಜುಕಟ್ಟೆ, ವೇಶ್ಯಾಗೃಹಗಳಿಂದ ಅಪಾರ ಧನವನ್ನು ಗಳಿಸಿ ಷಿಕಾಗೋ ನಗರವನ್ನೇ ಕೈವಶಮಾಡಿಕೊಂಡಿದ್ದವನು ಆಲ್ಫೋನ್ಸ್ ಕಪೋನ್. ಪೋಲೀಸಿನವರಲ್ಲಿ ಅನೇಕರು ಅವನ ಹಣವನ್ನು ತಿಂದವರು. ಸಾಕ್ಷಿಗಳೋ, ಬಾಯಿ ಬಿಟ್ಟರೆ ಮರುದಿನ ಬದುಕಿರುವ ಭರವಸೆಯಿಲ್ಲ. 1929ರ ಫೆಬ್ರವರಿ 14ರಂದು ಏಳು ಜನರನ್ನು ಒಂದು ಮೋಟಾರುಖಾನೆಯ ಗೋಡೆಗೆ ಮುಖಮಾಡಿ ನಿಲ್ಲಿಸಿ ಗುಂಡಿಕ್ಕಿದರು. ಕಪೋನನ ಕಡೆಯವರ ಕೃತ್ಯವೆಂದು ಊರೆಲ್ಲ ಆಡಿಕೊಂಡಿತು. ಒಬ್ಬನಿಗಾದರೂ ಆ ಕೊಲೆಗಾಗಿ ಶಿಕ್ಷೆಯಾಗಲಿಲ್ಲ.

ಕೆಳಗಿನ ಅಂತಸ್ತು ಹೀಗೆ ಕುಸಿದಿರುವಾಗ ಮೇಲಿನವರು ಮಾಡುವುದೇನು? ಅವರಿಗೆ ಉಳಿದದ್ದು ವರಮಾನ ತೆರಿಗೆಯ ಒಂದು ಸಣ್ಣ ಕಿಂಡಿ. ಅಧರ್ಮದಿಂದ ಬಂದ ಆದಾಯಕ್ಕೂ ತೆರಿಗೆಯುಂಟು, ಅದರ ಲೆಕ್ಕವನ್ನು ಒಪ್ಪಿಸದಿರುವುದು ಅಪರಾಧವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 1927ರಲ್ಲಿ, ಸಲಿವನ್ ಎಂಬ ಕಳ್ಳಹೆಂಡದ ವ್ಯಾಪಾರಿಯ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು. ಕಳ್ಳನು ತನ್ನ ಕಳವಿನ ಲೆಕ್ಕವನ್ನು ಸರ್ಕಾರಕ್ಕೆ ಬರೆದೊಪ್ಪಿಸಬೇಕೆಂಬುದು ಕೇಳಲು ನಗೆಗೀಡಾದ ಮಾತು. ಆದರೆ ಆ ನಗೆಗೀಡಾದ ಮಾತೇ ಕಪೋನನ ಕೊರಳಿಗೆ ಉರುಲಾಯಿತು.

ತೆರಿಗೆಯ ಇಲಾಖೆಯಲ್ಲಿ 1919ರಲ್ಲಿ ಆರು ಮಂದಿ ಅಂಚೆ ಇನ್‌ಸ್ಪೆಕ್ಟರುಗಳನ್ನು ಕರೆತಂದು ಒಂದು ತನಿಖಾ ಶಾಖೆಯನ್ನು ಸ್ಥಾಪಿಸಿದ್ದರು. ಅದರ ಮುಖ್ಯಸ್ಥನು ಎಲ್ಮರ್ ಐರಿ, ಸದ್ದಿಲ್ಲದ ಮನುಷ್ಯ. ಆತನು ಕಪೋನನ ಮೇಲಿನ ತನಿಖೆಯನ್ನು ವಹಿಸಿದ್ದು ಫ್ರ್ಯಾಂಕ್ ವಿಲ್ಸನ್ ಎಂಬುವನಿಗೆ. ನಮ್ಮ ಕಥಾನಾಯಕನು ಈ ವಿಲ್ಸನ್. ನಲವತ್ತು ದಾಟಿದವನು, ತಲೆ ಬೋಳು, ಮೂಗಿನ ಮೇಲೆ ಕನ್ನಡಕ, ಬಾಯಲ್ಲಿ ಅಗ್ಗದ ಚುಟ್ಟ. ಲೆಕ್ಕದ ಪುಸ್ತಕದ ಮುಂದೆ ಕುಳಿತನೆಂದರೆ ಹಗಲು ರಾತ್ರಿಗಳ ಪರಿವೆಯಿಲ್ಲ. ಇಂತಹವನನ್ನು ನೋಡಿ ಯಾರಾದರೂ ಹೈಸ್ಕೂಲಿನ ಗಣಿತದ ಉಪಾಧ್ಯಾಯನೆಂದುಕೊಂಡಾರೇ ಹೊರತು ವೀರನೆನ್ನಲಾರರು.

ಕಪೋನನ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿಲ್ಲ. ಯಾವ ರಸೀದಿಗೂ ರುಜುವಿಲ್ಲ. ಎಲ್ಲವೂ ಕೈಯಿಂದ ಕೈಗೆ ನಗದು. ಖರ್ಚು ಮಾತ್ರ ರಾಜವೈಭವದ್ದು. ಆದ್ದರಿಂದ ವಿಲ್ಸನ್ನನ ತಂಡದವರು ಮೊದಲು ಆ ಖರ್ಚಿನ ಹಾದಿಯನ್ನು ಹಿಡಿದರು: ಅಂಗಡಿಯವರು, ದರ್ಜಿಗಳು, ಹೋಟಲುಗಳು, ಟೆಲಿಫೋನಿನ ಬಿಲ್ಲುಗಳು. ಜೀನಸಿ ಅಂಗಡಿಯ ಚೀಟಿಯನ್ನು ತಿಂಗಳ ಕೊನೆಗೆ ಕೂಡಿ ನೋಡುವ ಗೃಹಿಣಿಯರಿಗೆ ಈ ವಿದ್ಯೆಯನ್ನು ನಾನು ಬಿಡಿಸಿಹೇಳಬೇಕಾದುದಿಲ್ಲ. ಖರ್ಚು ಇಷ್ಟಿದ್ದರೆ ಆದಾಯವು ಇಷ್ಟಿರಲೇಬೇಕಷ್ಟೆ.

ಆದರೆ ತಂಡದ ಎಲ್ಲರಿಗೂ ಒಂದೇ ಕೆಲಸವನ್ನು ಹಂಚುವವನು ಯಜಮಾನನಲ್ಲ. ನೆಲ್ಸ್ ಟೆಸೆಮ್ ಎಂಬುವನು ಅಂಕೆಗಳಲ್ಲಿ ನಿಷ್ಣಾತ. ಅವನನ್ನು ಲೆಕ್ಕಕ್ಕೇ ಬಿಟ್ಟರು. ಮೈಕೆಲ್ ಮಲೋನ್ ಎಂಬುವನಿಗೆ ಮುಖಚರ್ಯೆ, ಭಾಷೆ, ಎದೆಗಾರಿಕೆ ಇವೆಲ್ಲವೂ ವೇಷಕ್ಕೆ ಹೊಂದುವಂತಿದ್ದುವು. ಅವನು ಲೆಪಿಟೋ ಎಂಬ ಸುಳ್ಳು ಹೆಸರಿನಿಂದ, ಫಿಲಡೆಲ್ಫಿಯದಿಂದ ತಲೆಮರೆಸಿಕೊಂಡು ಬಂದ ಪುಂಡನಂತೆ, ಕಪೋನನು ಬೀಡುಬಿಟ್ಟಿದ್ದ ಲೆಕ್ಸಿಂಗ್ಟನ್ ಹೋಟಲಿನಲ್ಲಿಯೇ ಕೋಣೆ ಹಿಡಿದನು. ಅವನ ಅಂಗಿಗಳೂ ಫಿಲಡೆಲ್ಫಿಯದ ಅಂಗಡಿಯವು. ಅವನಿಗೆ ಬರುವ ಕಾಗದಗಳಿಗೂ ಅಲ್ಲಿಯ ಅಂಚೆಯ ಮುದ್ರೆ. ಪುಂಡರು ಕೋಣೆಯನ್ನು ಶೋಧಿಸಿದಾಗ ಇವುಗಳನ್ನು ನೋಡಿಯೇ ನಂಬಿದರಂತೆ. ನಮ್ಮ ಕೌಟಿಲ್ಯನು ಗೂಢಪುರುಷರ ಬಗೆಗಳನ್ನು ಎಣಿಸುವಾಗ ಕಾಪಟಿಕ, ಗೃಹಪತಿಕ, ವೈದೇಹಕ, ತಾಪಸರೆಂದು ವೇಷಗಳನ್ನು ವಿಂಗಡಿಸಿ, ಮೂವರ ಮಾತು ಒಂದಾದಲ್ಲದೆ ಸುದ್ದಿಯನ್ನು ನಂಬಬಾರದೆಂದು ವಿಧಿಸಿದ್ದಾನೆ. (ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಆರ್. ಶಾಮಶಾಸ್ತ್ರಿಗಳನ್ನು ಈ ಸಂದರ್ಭದಲ್ಲಿ ನೆನೆಯದಿರುವುದು ಹೇಗೆ!) ಅದೇ ಕೌಟಿಲ್ಯನು, ಶತ್ರುವಿನ ಸಂಬಳವನ್ನೂ ತಿನ್ನುವಂತೆ ಕಳುಹಿಸಿದ ಗೂಢಚಾರನ ಹೆಂಡಿರುಮಕ್ಕಳನ್ನು ರಾಜನು ತನ್ನ ವಶದಲ್ಲಿಟ್ಟುಕೊಳ್ಳಬೇಕೆಂದೂ ಹೇಳುತ್ತಾನೆ. ವಿಲ್ಸನ್ನನ ಬಳಿ ಅಂತಹ ಒತ್ತೆಯೇನೂ ಇರಲಿಲ್ಲ. ಮಲೋನನ ಮೇಲಿನ ನಂಬಿಕೆಯೊಂದೇ ಇದ್ದಿತು. ಈ ವಿಷಯದಲ್ಲಿ ನನ್ನ ಮನಸ್ಸು ಆಚಾರ್ಯನನ್ನು ಬಿಟ್ಟು ಆ ಬೋಳುತಲೆಯವನ ಪಕ್ಷವನ್ನೇ ಹಿಡಿಯುತ್ತದೆ.

ಇಷ್ಟಾದರೂ 1930ರ ಬೇಸಿಗೆಯವರೆಗೆ ನ್ಯಾಯಾಲಯದಲ್ಲಿ ನಿಲ್ಲುವಂತಹ ಆಧಾರ ಸಿಕ್ಕಿರಲಿಲ್ಲ. ಒಂದು ರಾತ್ರಿ ಬಹಳ ಹೊತ್ತಾಗಿ ವಿಲ್ಸನ್ ಕಾಗದಗಳನ್ನು ಕಟ್ಟಿಡುತ್ತಿದ್ದಾಗ ಅವನ ಬೀರುವಿನ ಬೀಗವು ತಾನಾಗಿ ಬಿದ್ದುಹೋಯಿತು. ಅವುಗಳನ್ನಿಡಲು ಬೇರೆ ಜಾಗವನ್ನು ಹುಡುಕುತ್ತ ಪಕ್ಕದ ಉಗ್ರಾಣಕ್ಕೆ ಹೋದವನಿಗೆ ಧೂಳು ಹಿಡಿದ ಹಳೆಯ ಬೀರುವಿನಲ್ಲಿ ಕಂದು ಕಾಗದ ಸುತ್ತಿದ ಒಂದು ಕಟ್ಟು ಕಾಣಿಸಿತು. ಬಿಚ್ಚಿದರೆ ಮೂರು ಖತಾವಣಿಗಳು! ಜೂಜಿನ ಬಗೆಬಗೆಯ ಆಟಗಳಿಗೆ ಒಂದೊಂದು ಅಂಕಣ, ದಿನದಿನದ ಜಮಾ ಖರ್ಚು, ಪಾಲುಹಂಚಿಕೆ. ಅದರಲ್ಲಿ ‘ಆಲ್’ ಎಂಬ ಮೊಟಕು ಹೆಸರು. ಎರಡು ವರ್ಷ ತುಂಬುವುದರೊಳಗೆ ಆ ಒಂದು ಜೂಜುಕಟ್ಟೆಯಿಂದಲೇ ಐದು ಲಕ್ಷ ಡಾಲರಿಗೆ ಮೀರಿದ ಲಾಭ. 1926ರಲ್ಲಿ ಒಬ್ಬ ಸರ್ಕಾರಿ ವಕೀಲನ ಕೊಲೆಯಾದ ಮೇಲೆ ಸಿಸೆರೋ ಎಂಬ ಉಪನಗರದಲ್ಲಿ ನಡೆದ ದಾಳಿಯಲ್ಲಿ ವಶಪಡಿಸಿಕೊಂಡ ಪುಸ್ತಕಗಳಿವು. ನಾಲ್ಕು ವರ್ಷ ಯಾರೂ ಬಿಚ್ಚಿ ನೋಡಿರಲಿಲ್ಲ. ಅದೃಷ್ಟವೆಂದು ಕೆಲವರು ಹೇಳುತ್ತಾರೆ. ಅದೃಷ್ಟವು ಬರುವ ಹೊತ್ತಿನಲ್ಲಿ ಉಳಿದವರೆಲ್ಲರೂ ಮನೆಯಲ್ಲಿ ಮಲಗಿದ್ದರೆಂಬುದನ್ನೂ ಸೇರಿಸಿ ಹೇಳುವುದು ನ್ಯಾಯ.

ಪುಸ್ತಕ ಸಿಕ್ಕಿತು, ಬರೆದ ಕೈ ಯಾರದು? ತಂಡದವರು ಕಪೋನನ ಕಡೆಯ ಗುಮಾಸ್ತೆಗಳ ಕೈಬರಹದ ಮಾದರಿಗಳನ್ನು ಬ್ಯಾಂಕುಗಳಿಂದಲೂ ಜಾಮೀನು ಪತ್ರಗಳಿಂದಲೂ ಕಲೆಹಾಕಿ ಹೋಲಿಸುತ್ತ ಬಂದರು. ಕೊನೆಗೆ ಬ್ಯಾಂಕಿಗೆ ಹಣ ಕಟ್ಟಿದ ಒಂದು ಚೀಟಿಯ ಅಕ್ಷರಗಳು ತಾಳೆಬಿದ್ದುವು. ಬರೆದವನು ಲೆಸ್ಲಿ ಶಮ್‌ವೇ ಎಂಬ ಸಾಧು ಸ್ವಭಾವದ ಗುಮಾಸ್ತೆ. 1931ರ ಫೆಬ್ರವರಿಯಲ್ಲಿ ವಿಲ್ಸನ್ ತಾನೇ ಮಿಯಾಮಿ ನಗರಕ್ಕೆ ಹೋಗಿ, ಪಂದ್ಯದ ಮೈದಾನದಲ್ಲಿ ಕೆಲಸಮಾಡುತ್ತಿದ್ದ ಅವನನ್ನು ಹಿಡಿದನು. ಅವನ ಮುಂದಿಟ್ಟ ಆಯ್ಕೆಗಳು ಎರಡು: ಸತ್ಯವನ್ನು ಹೇಳಿದರೆ ಗುಟ್ಟಾಗಿ ರಕ್ಷಿಸುತ್ತೇವೆ, ಇಲ್ಲವಾದರೆ ನಾಲ್ಕು ಜನರ ಎದುರಿಗೆ ಹೆಸರು ಕೂಗಿ ಸಮನ್ಸು ಜಾರಿಮಾಡುತ್ತೇವೆ. ಹಾಗೆ ಕೂಗಿದರೆ ಸುದ್ದಿಯು ಕಪೋನನಿಗೆ ಮುಟ್ಟುವುದು ಖಂಡಿತ. ಮುಂದೇನಾಗುವುದೆಂಬುದು ಶಮ್‌ವೇಗೂ ಗೊತ್ತು, ವಿಲ್ಸನ್ನನಿಗೂ ಗೊತ್ತು. ಗುಮಾಸ್ತೆಯು ನಡುಗುತ್ತ ಒಪ್ಪಿದನು.

ಇದು ಧರ್ಮವೇ? ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಕೊಲೆಗಡುಕನ ಭಯವನ್ನೇ ಕಾನೂನಿನ ಕೈಯ ಬೆತ್ತವನ್ನಾಗಿ ಮಾಡಿಕೊಂಡಂತಾಯಿತು. ಅವನು ಹೊಡೆಯಲಿಲ್ಲ, ಸುಳ್ಳು ಬರೆಸಿಕೊಳ್ಳಲಿಲ್ಲ, ಕೊಟ್ಟ ಮಾತಿನಂತೆ ಸಾಕ್ಷಿಯನ್ನು ದೂರದ ಊರಿನಲ್ಲಿ ಅಡಗಿಸಿ ಕಾಪಾಡಿದನು ಎಂಬುದು ನಿಜ. ಆದರೂ ಬಡ ಗುಮಾಸ್ತೆಯ ನಡುಕವನ್ನು ಲೆಕ್ಕದಿಂದ ಹೊಡೆದುಹಾಕಲಾಗದು. ಫ್ರೆಡ್ ರೀಸ್ ಎಂಬ ಇನ್ನೊಬ್ಬ ಖಜಾಂಚಿಯನ್ನೂ ಹೀಗೆಯೇ ಒಲಿಸಿಕೊಂಡು, ಹೇಳಿಕೆಯಾದ ಮೇಲೆ ವಿಚಾರಣೆಯವರೆಗೆ ದಕ್ಷಿಣ ಅಮೆರಿಕಕ್ಕೆ ಕಳುಹಿಸಿದರು.

ಅಪಾಯವು ಯಜಮಾನನ ಮನೆಬಾಗಿಲಿಗೂ ಬಂದಿತು. ತನಿಖೆಯ ನಡುವೆ ಕಪೋನನು ವಕೀಲನೊಡನೆ ವಿಲ್ಸನ್ನನ ಕಛೇರಿಗೆ ಬಂದಿದ್ದಾಗ, ಹೊರಡುವ ಮುನ್ನ ಅವನ ಹೆಂಡತಿಯ ಕ್ಷೇಮಸಮಾಚಾರವನ್ನು ವಿಚಾರಿಸಿ, ಮೈಮೇಲೆ ಎಚ್ಚರವಿರಲೆಂದು ಹೇಳಿಹೋದನಂತೆ. ಇಂತಹ ಕುಶಲಪ್ರಶ್ನೆಯ ಅರ್ಥವು ಯಾವ ಗೃಹಸ್ಥನಿಗೆ ತಿಳಿಯದು? ವಿಲ್ಸನ್ ಹೆಂಡತಿಯೊಡನೆ ಹೋಟಲಿನಲ್ಲಿದ್ದನು. ತಾನು ಬೆನ್ನಟ್ಟಿರುವುದು ಯಾರನ್ನೆಂಬುದನ್ನು ಆಕೆಗೂ ಹೇಳಿರಲಿಲ್ಲ. ಅವನನ್ನು ಕೊಲ್ಲಲು ಹೊರಗಿನಿಂದ ಆಳುಗಳನ್ನು ಕರೆಸಿದ್ದಾರೆಂದು ಗುಪ್ತವಾಗಿ ಸುದ್ದಿ ಬಂದಾಗ, ಊರು ಬಿಟ್ಟುಹೋಗುವವರಂತೆ ರೈಲು ನಿಲ್ದಾಣದ ಕಡೆಗೆ ಹೊರಟು, ಸುತ್ತಿ ಬಳಸಿ ಬೇರೊಂದು ಹೋಟಲನ್ನು ಸೇರಿದರು. ಆ ದಾರಿಯಲ್ಲಿ ಆಕೆಗೆ ಏನೆಂದು ಸಮಾಧಾನ ಹೇಳಿದನೋ!

ಎಡ್ವರ್ಡ್ ಓಹೇರ್ ಎಂಬ ವಕೀಲನ ಹೆಸರನ್ನು ಈಗ ಹೇಳಬೇಕು. ನಾಯಿಗಳ ಪಂದ್ಯದ ವ್ಯವಹಾರದಲ್ಲಿ ಕಪೋನನ ಪಾಲುದಾರನಾಗಿದ್ದವನು. ಒಬ್ಬ ಪತ್ರಿಕಾ ವರದಿಗಾರನ ಮೂಲಕ ಗುಟ್ಟಾಗಿ ವಿಲ್ಸನ್ನನಿಗೆ ಸಹಾಯಕನಾದನು. ಮಗನನ್ನು ನೌಕಾಪಡೆಯ ವಿದ್ಯಾಲಯಕ್ಕೆ ಸೇರಿಸಬೇಕೆಂಬುದು ಅವನ ಮನಸ್ಸಿನಲ್ಲಿದ್ದಿತು. ವಿಚಾರಣೆಯು ಹತ್ತಿರವಾದಾಗ ಇವನೇ, ಜೂರಿಗಳ ಪಟ್ಟಿಯು ಕಪೋನನ ಕೈಸೇರಿದೆ, ಲಂಚದ ಮಾತು ನಡೆಯುತ್ತಿದೆ ಎಂದು ತಿಳಿಸಿದನು. ವಿಲ್ಸನ್ ಸರ್ಕಾರಿ ವಕೀಲ ಜಾನ್ಸನ್ನನೊಡನೆ ನೇರವಾಗಿ ನ್ಯಾಯಾಧಿಪತಿ ವಿಲ್ಕರ್‌ಸನ್ನನ ಬಳಿಗೆ ಹೋದನು. ಈ ನ್ಯಾಯಾಧಿಪತಿಯು ಮೊದಲೇ, ತಪ್ಪೊಪ್ಪಿಕೊಂಡು ಅಲ್ಪ ಶಿಕ್ಷೆಯಿಂದ ಪಾರಾಗುವ ಕಪೋನನ ಒಪ್ಪಂದವನ್ನು ತಳ್ಳಿಹಾಕಿದ್ದವನು. 1931ರ ಅಕ್ಟೋಬರ್ 6ರಂದು ಕಪೋನನು ಮುಗುಳುನಗುತ್ತ ನ್ಯಾಯಾಲಯಕ್ಕೆ ಬಂದು ಕುಳಿತಿರುವಾಗ, ನ್ಯಾಯಾಧಿಪತಿಯು ತನ್ನಲ್ಲಿದ್ದ ಜೂರಿಯ ತಂಡವನ್ನು ಪಕ್ಕದ ನ್ಯಾಯಾಲಯಕ್ಕೆ ಕಳುಹಿಸಿ, ಅಲ್ಲಿದ್ದವರನ್ನು ಇಲ್ಲಿಗೆ ಕರೆಸಿದನು. ಒಂದೇ ಆಜ್ಞೆಯಿಂದ ಅಷ್ಟೂ ಲಂಚವು ನೀರುಪಾಲಾಯಿತು. ಅಕ್ಟೋಬರ್ 17ರಂದು ಜೂರಿಯು ಐದು ಆಪಾದನೆಗಳಲ್ಲಿ ಅವನನ್ನು ಅಪರಾಧಿಯೆಂದಿತು. 24ರಂದು 11 ವರ್ಷ ಸೆರೆಯೂ 50,000 ಡಾಲರು ಜುಲ್ಮಾನೆಯೂ ವಿಧಿಸಲ್ಪಟ್ಟುವು. ಜೂರಿಯ ಮುಂದೆ ಖತಾವಣಿಗಳನ್ನು ಓದಿ ಅರ್ಥಹೇಳಿದವನು ಆ ನಡುಗುತ್ತಿದ್ದ ಶಮ್‌ವೇ.

ಇದೇ ಕಾಲದಲ್ಲಿ ಎಲಿಯಟ್ ನೆಸ್ ಎಂಬ ತರುಣ ಅಧಿಕಾರಿಯೂ ಪಾನನಿರೋಧದ ಪರವಾಗಿ ಕಪೋನನ ಭಟ್ಟಿಗಳ ಮೇಲೆ ದಾಳಿಮಾಡುತ್ತಿದ್ದನು. 1957ರಲ್ಲಿ ಪ್ರಕಟವಾದ ಒಂದು ಪುಸ್ತಕದಿಂದಲೂ ಅನಂತರದ ಚಲಚ್ಚಿತ್ರಗಳಿಂದಲೂ ಲೋಕವು ಇಡೀ ಕೀರ್ತಿಯನ್ನು ಅವನಿಗೇ ಕಟ್ಟಿತು. ಅವನೂ ದಿಟ್ಟ, ಲಂಚಕ್ಕೆ ಬಾಗದವನು, ಅಲ್ಲವೆನ್ನಲಾರೆ. ಆದರೆ ಬಾಗಿಲೊಡೆಯುವುದನ್ನು ಚಿತ್ರದಲ್ಲಿ ತೋರಿಸಬಹುದು, ಕೂಡಿ ಕಳೆಯುವುದನ್ನು ತೋರಿಸುವುದು ಹೇಗೆ?

ಐರಿ, ವಿಲ್ಸನ್ನರ ದೃಢತೆಯು 1932ರಲ್ಲಿ ಇನ್ನೊಮ್ಮೆ ಪರೀಕ್ಷೆಗೊಳಗಾಯಿತು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿದ ವಿಮಾನವೀರ ಲಿಂಡ್‌ಬರ್ಗನ ಕೂಸನ್ನು ಕಳ್ಳರು ಅಪಹರಿಸಿ 50,000 ಡಾಲರು ಕೇಳಿದರು. ಕೊಡುವ ನೋಟುಗಳ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಐರಿ ಹೇಳಿದಾಗ, ಮಗುವಿಗೆ ಅಪಾಯವಾದೀತೆಂದು ತಂದೆಯು ಒಪ್ಪಲಿಲ್ಲ. ಹಾಗಾದರೆ ನಾವು ಈ ಕೆಲಸದಿಂದ ಹಿಂಜರಿಯುತ್ತೇವೆಂದು ಐರಿ ಸ್ಪಷ್ಟವಾಗಿ ಹೇಳಿಬಿಟ್ಟನು. ದೇಶವೇ ಪೂಜಿಸುವ, ಮೇಲಾಗಿ ಪುತ್ರಶೋಕದ ಅಂಚಿನಲ್ಲಿರುವ ಮನುಷ್ಯನಿಗೆ ಇಲ್ಲವೆನ್ನುವುದು ಎಷ್ಟು ಕಷ್ಟ! ಕೊನೆಗೆ ಸಂಖ್ಯೆಗಳನ್ನು ಬರೆದಿಟ್ಟರು. ಕೂಸು ಬದುಕಿ ಬರಲಿಲ್ಲ. 1934ರ ಸೆಪ್ಟೆಂಬರಿನಲ್ಲಿ ಆ ನೋಟುಗಳಲ್ಲೊಂದು ಪೆಟ್ರೋಲು ಅಂಗಡಿಯಲ್ಲಿ ಚಲಾವಣೆಯಾಗಿ, ಹೌಪ್ಟ್‌ಮನ್ ಎಂಬ ಬಡಗಿಯು ಸಿಕ್ಕಿಬಿದ್ದನು.

ವಿಲ್ಸನ್ ಮುಂದೆ ರಾಷ್ಟ್ರಾಧ್ಯಕ್ಷರ ರಕ್ಷಣೆಯ ಹೊಣೆಹೊತ್ತ ಗುಪ್ತ ಸೇವಾದಳದ ಮುಖ್ಯಸ್ಥನಾಗಿ 1946ರವರೆಗೆ ಇದ್ದನು. ತನ್ನ ಆತ್ಮಕಥೆಯಲ್ಲಿ ಕಪೋನನ ಪ್ರಕರಣವನ್ನು ವಿಸ್ತಾರವಾಗಿ ಬರೆದಿದ್ದಾನೆ. ಓಹೇರನ ಉಪಕಾರವನ್ನು ಬಚ್ಚಿಟ್ಟಿಲ್ಲ.

ಆ ಓಹೇರನು 1939ರ ನವೆಂಬರ್ 8ರಂದು ಷಿಕಾಗೋವಿನಲ್ಲಿ ಮೋಟಾರನ್ನು ನಡೆಸಿಕೊಂಡು ಹೋಗುತ್ತಿದ್ದಾಗ, ಪಕ್ಕಕ್ಕೆ ಬಂದ ಇನ್ನೊಂದು ಮೋಟಾರಿನಿಂದ ಗುಂಡಿಟ್ಟು ಕೊಂದರು. ಎಂಟು ದಿನಗಳ ಮೇಲೆ ಕಪೋನನು, ರೋಗದಿಂದ ಬುದ್ಧಿ ಕುಗ್ಗಿದವನಾಗಿ, ಸೆರೆಯಿಂದ ಬಿಡುಗಡೆ ಹೊಂದಿದನು. ಓಹೇರನ ಮಗನು ನೌಕಾಪಡೆಯ ವೈಮಾನಿಕನಾಗಿ, 1942ರಲ್ಲಿ ದೇಶದ ಅತ್ಯುನ್ನತ ಶೌರ್ಯಪದಕವನ್ನು ಪಡೆದು, ಮರುವರ್ಷ ಯುದ್ಧದಲ್ಲಿ ಮಡಿದನು. ನಮ್ಮವರ ಮಕ್ಕಳು ಮೊಮ್ಮಕ್ಕಳು ಅಮೆರಿಕಕ್ಕೆ ಹೋಗಿ ಷಿಕಾಗೋವಿನಲ್ಲಿ ಇಳಿಯುವ ವಿಮಾನ ನಿಲ್ದಾಣಕ್ಕೆ ಇರುವುದು ಆ ಮಗನ ಹೆಸರು. ತಂದೆಯನ್ನು ಕೊಂದವರಿಗೆ ಶಿಕ್ಷೆಯಾಗಲೇ ಇಲ್ಲ.