ಶ್ರಾವಣದ ಇಂಟರ್‌ವಲ್

ಈ ವಾರ ತಾರೆಯರ ಸುದ್ದಿ ಇಲ್ಲ, ಗಾಂಧಿನಗರದ ಗುಸುಗುಸು ಇಲ್ಲ. ಬಾಟಲಿಯ ವಿಷಯ! ಪುಟ ತಿರುವಬೇಡಿ ಸ್ವಾಮಿ, ಉಪದೇಶ ಮಾಡುವಷ್ಟು ಒಳ್ಳೆಯವನು ನಾನಲ್ಲ.

ಜಾನಿ ವಾಕರ್ ಗೊತ್ತಲ್ಲ? ಮುಂಬಯಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಕಾಜಿ. ಕುಡುಕನಂತೆ ತೂರಾಡಿ ತೋರಿಸಿದ್ದಕ್ಕೆ ಮೆಚ್ಚಿದ ಗುರುದತ್ 1951ರ 'ಬಾಜಿ'ಯಲ್ಲಿ ಪಾತ್ರ ಕೊಟ್ಟರು, ವಿಸ್ಕಿಯ ಹೆಸರನ್ನೇ ಇಟ್ಟರು. ಆದರೆ ಆ ಪುಣ್ಯಾತ್ಮ ನಿಜಜೀವನದಲ್ಲಿ ಕುಡಿಯುತ್ತಲೇ ಇರಲಿಲ್ಲ! ಕ್ಯಾಮೆರಾ ಮುಂದೆ ತೂರಾಟ, ಪ್ಯಾಕಪ್ ಆದ ಮೇಲೆ ನೆಟ್ಟಗೆ ಮನೆಗೆ. ನಮ್ಮದು ಉಲ್ಟಾ. ಹಗಲೆಲ್ಲ ನೆಟ್ಟಗಿರುವ ನಟನೆ, ಸಂಜೆ ಆರಾದರೆ ಅಸಲಿ ವೇಷ!

ನಮ್ಮೂರು ಯಲವಿಗಿ. ಹುಬ್ಬಳ್ಳಿಯಿಂದ ಹಾವೇರಿಗೆ ರೈಲಿನಲ್ಲಿ ಹೋದವರು ಈ ಸ್ಟೇಷನ್ ನೋಡಿರುತ್ತೀರಿ. ಇಲ್ಲಿ ವರ್ಷಕ್ಕೊಮ್ಮೆ ಎಣ್ಣೆಗೆ ರಜೆ ಸಿಗುತ್ತದೆ. ನಾಗರ ಅಮಾವಾಸ್ಯೆಗೆ ಬಿಟ್ಟರೆ ಬೆನಕನ ಅಮಾವಾಸ್ಯೆಯವರೆಗೆ ಶ್ರಾವಣ. ಮಾಂಸವಿಲ್ಲ, ಮದ್ಯವಿಲ್ಲ. ಇನ್ನು ಕೆಲವರು ಅಯ್ಯಪ್ಪನ ಮಾಲೆ ಹಾಕಿ 41 ದಿನ ಬಿಡುತ್ತಾರೆ. ನಮ್ಮ ಡಾ. ರಾಜ್ ಮಾಲೆ ಹಾಕಿ ಶಬರಿಮಲೆ ಹತ್ತಿದವರೇ. ಹಾಸ್ಯನಟ ಶಿವರಾಂ ಅವರಂತೂ ಅಯ್ಯಪ್ಪನ ಪರಮಭಕ್ತರಾಗಿದ್ದರು. ಇಂಗ್ಲೆಂಡಿನವರು 2013ರಲ್ಲಿ ಜನವರಿ ಪೂರ್ತಿ ಕುಡಿಯದಿರುವ ಆಂದೋಲನ ಶುರು ಮಾಡಿದರು. ನಮ್ಮ ಅಜ್ಜಂದಿರಿಗೆ ಇದು ಹೊಸದೇ?

ಕಳೆದ ಶ್ರಾವಣದ ಮಾತು. ನನ್ನದು ಮೊದಲು ವಾರಕ್ಕೆರಡು ದಿನ ಇತ್ತು. ಎರಡು ನಾಲ್ಕಾಗಿ, ಆಮೇಲೆ ಲೆಕ್ಕವೇ ತಪ್ಪಿತ್ತು. ಅವ್ವ ಅಂದಳು: "ಯಪ್ಪಾ, ಶ್ರಾವಣದಾಗರ ಅದನ್ನ ಮುಟ್ಟಬ್ಯಾಡೋ." 'ಆತು' ಅಂದೆ. ಟಂಟಂ ಓಡಿಸುವ ನನ್ನ ಗೆಳೆಯನೂ 'ನಾನೂ ಬಿಟ್ಟೆ' ಅಂದ. ಬಿಡುವ ಮುಂಚಿನ ರಾತ್ರಿ ಇಬ್ಬರೂ ಸೇರಿ ತಿಂಗಳಿನದನ್ನೆಲ್ಲ ಒಂದೇ ದಿನ ಕುಡಿದೆವು!

ನನಗೆ ನಾಲ್ಕು ದಿನ ನಿದ್ದೆ ಹತ್ತಲಿಲ್ಲ. ಸಂಜೆ ಆರರಿಂದ ಒಂಬತ್ತರವರೆಗಿನ ಮೂರು ತಾಸು, ಹಾಡಿಲ್ಲದ ಸಿನಿಮಾ ಥರ ಮುಗಿಯೋದೇ ಇಲ್ಲ. ಸಿಟ್ಟು, ಸಿಡುಕು. ಅಷ್ಟೇ, ದಾಟಿದೆ.

ಗೆಳೆಯನ ಕಥೆ ಬೇರೆ. ಅವನಿಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ನೈಂಟಿ ಬೀಳದಿದ್ದರೆ ಚಹಾದ ಕಪ್ಪೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅದನ್ನು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಬಿಟ್ಟ ಎರಡನೇ ದಿನ ಮೈಯೆಲ್ಲ ಬೆವರು, ನಡುಕ. ಸಂಜೆ ಮನೆಯ ಕಟ್ಟೆಯ ಮೇಲೆ ಕೂತವನು ಹಾಗೇ ಉರುಳಿ ಬಿದ್ದ. ಕೈಕಾಲು ಸೆಟೆದು ಬಾಯಲ್ಲಿ ನೊರೆ!

"ಗಾಳಿ ಸೋಕೇತಿ, ಯಂತ್ರ ಕಟ್ಟಸ್ರಿ" ಅಂದರು ಹಿರಿಯರೊಬ್ಬರು. ಇನ್ನೊಬ್ಬರು "ಒಂದು ಕ್ವಾರ್ಟರ್ ಕುಡಸ್ರಿ, ಎದ್ದು ಕೂಡ್ತಾನ" ಅಂದರು. ಅವನ ಹೆಂಡತಿ ಯಾರ ಮಾತೂ ಕೇಳಲಿಲ್ಲ. ಗಾಡಿ ಮಾಡಿಸಿ ಹುಬ್ಬಳ್ಳಿಗೆ ಕರೆದೊಯ್ದಳು. ನಾನು ಹಿಂದಿನ ಸೀಟಿನಲ್ಲಿ ಅವನ ತಲೆ ಹಿಡಿದು ಕೂತಿದ್ದೆ.

ಡಾಕ್ಟರು ಹೇಳಿದ್ದು ಕೇಳಿ ನನ್ನ ಕೈಕಾಲು ತಣ್ಣಗಾದವು. ಮದ್ಯ ಮಿದುಳಿನ ವೇಗ ತಗ್ಗಿಸುತ್ತದೆ. ದಿನಾ ಕುಡಿಯುವವನ ಮಿದುಳು ಅದಕ್ಕೆ ಎದುರಾಗಿ ವೇಗ ಏರಿಸಿಕೊಂಡೇ ಇರುತ್ತದೆ. ಮದ್ಯ ಒಮ್ಮೆಲೇ ನಿಂತರೆ? ಬ್ರೇಕ್ ಫೇಲಾದ ಲಾರಿ! ಬಿಟ್ಟ 6 ತಾಸಿನಿಂದ 48 ತಾಸಿನೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ, ಭ್ರಮೆ ಹಿಡಿದು, ಜೀವವೇ ಹೋಗಬಹುದು. ಅಂಥವರು ಬಿಡಬಾರದು ಅಂತಲ್ಲ, ಒಬ್ಬರೇ ಬಿಡಬಾರದು. ಕೆಲವು ದಿನದ ಮಾತ್ರೆ, ಬಿ1 ವಿಟಮಿನ್, ಡಾಕ್ಟರ ಕಣ್ಗಾವಲು ಇದ್ದರೆ ದಾಟಬಹುದು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇರೋದು ಹುಚ್ಚರಿಗೆ ಮಾತ್ರ ಅಂತ ತಿಳಿಯಬೇಡಿ. ಇದಕ್ಕೂ ಅಲ್ಲಿ ಚಿಕಿತ್ಸೆ ಇದೆ.

ಗೆಳೆಯ ಉಳಿದ. ನನ್ನ ಶ್ರಾವಣವೂ ಮುಗಿಯುತ್ತ ಬಂತು. ನಿದ್ದೆ ಚೆನ್ನಾಗಿ ಬರುತ್ತಿತ್ತು. ದಿನಕ್ಕೆ 150 ರೂಪಾಯಿಯಂತೆ 30 ದಿನಕ್ಕೆ 4,500 ಉಳಿದಿತ್ತು. ಕಿರಾಣಿ ಅಂಗಡಿಯ ಉದ್ರಿ ತೀರಿಸಿದೆ. ಹಾಗಾದರೆ ಹೀರೋ ಗೆದ್ದನೇ? ಸುಳ್ಳು ಹೇಳಲಾರೆ. ಬೆನಕನ ಅಮಾವಾಸ್ಯೆ ಹತ್ತಿರ ಬಂದಂತೆ ನಾನು ಕ್ಯಾಲೆಂಡರ್ ಮುಂದೆ ನಿಂತು ದಿನ ಎಣಿಸುತ್ತಿದ್ದೆ!

ಅಮಾವಾಸ್ಯೆಯ ಮರುದಿನ ಸಂಜೆ ಪಾರ್ಟಿ. "ದೋಸ್ತ, ಒಂದ ತಿಂಗಳ ಬಾಕಿ ಐತಿ, ಬಡ್ಡಿ ಸಮೇತ ತೀರಸೂಣು!" ಹಳೆಯ ಅಳತೆಯಲ್ಲೇ ಹಾಕಿಕೊಂಡೆ. ತಿಂಗಳು ಬಿಟ್ಟ ಮೈಗೆ ಹಳೆಯ ಅಳತೆ ತಡೆಯೋದಿಲ್ಲ ಅಂತ ಯಾರೂ ಹೇಳಿರಲಿಲ್ಲ. ರಾತ್ರಿ ಗಟಾರದ ಪಕ್ಕ ವಾಂತಿ ಮಾಡಿಕೊಂಡು ಬಿದ್ದಿದ್ದೆ. ಎಬ್ಬಿಸಿ ಮನೆ ಮುಟ್ಟಿಸಿದ್ದು ಯಾರು ಗೊತ್ತೇ? ಅದೇ ಟಂಟಂ ಗೆಳೆಯ! ಅವನ ಕೈ ನಡುಗುತ್ತಿರಲಿಲ್ಲ.

ದಾರಿಯಲ್ಲಿ ಒಂದೇ ಮಾತು ಅಂದ: "ನೀ ಶ್ರಾವಣ ಮುಗೀಲಿ ಅಂತ ಕಾದಿ. ನಂದು ಮುಗಿಯೂದಿಲ್ಲೋ."

ಟಾಕೀಸಿನಲ್ಲಿ ಇಂಟರ್‌ವಲ್ ಆದಾಗ ಲೈಟು ಹತ್ತುತ್ತದೆ. ಅಲ್ಲಿಯವರೆಗೆ ಕತ್ತಲಲ್ಲಿದ್ದ ಪಕ್ಕದ ಮುಖ ಆಗ ಕಾಣುತ್ತದೆ. ಶ್ರಾವಣ ಮಾಡೋದೂ ಅಷ್ಟೇ. ಒಂದು ತಿಂಗಳು ಬಿಟ್ಟು ನೋಡಿ. ಸುಲಭವಾಗಿ ದಾಟಿದರೆ ಸಂತೋಷ. ನನ್ನ ಹಾಗೆ ದಿನ ಎಣಿಸಿದರೆ, ಬಾಟಲಿ ಇನ್ನೂ ನಿಮ್ಮ ಕೈಯಲ್ಲಿಲ್ಲ, ನೀವು ಅದರ ಕೈಯಲ್ಲಿದ್ದೀರಿ ಅಂತ ಅರ್ಥ. ಬೆಳಿಗ್ಗೆಯೇ ಕೈ ನಡುಗಿದರೆ ಮೊದಲು ಡಾಕ್ಟರು, ಆಮೇಲೆ ವ್ರತ.

ಕೆಲವರಿಗೆ ಇಂಟರ್‌ವಲ್ ಸಾಕು. ಕೆಲವರಿಗೆ 'ಶುಭಂ' ಬೋರ್ಡೇ ಬೇಕು. ಗೆಳೆಯ ಈಗಲೂ ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗಿಬರುತ್ತಾನೆ. ಮುಂದಿನ ಸಲ ಅವನ ಜೊತೆ ನಾನೂ ಹೋಗುವವನಿದ್ದೇನೆ. ಜೊತೆಗಾರನಾಗಿ ಅಲ್ಲ, ನನ್ನದೇ ಚೀಟಿ ಮಾಡಿಸಲು.

ಮುಂದಿನ ವಾರ ಸಿಗೋಣ. ನೆಟ್ಟಗೆ ನಿಂತೇ ಸಿಗೋಣ. ಏನಂತೀರಿ?