ಅರ್ಧ ಮಾತ್ರೆಯ ವೈದ್ಯ



ಸಾಕಿದ ಬೆಕ್ಕಿಗೋ ನಾಯಿಗೋ ರಕ್ತದೊತ್ತಡವಿದೆಯೆಂದು ತಿಳಿದೊಡನೆ, ‘ನಾನು ನುಂಗುವುದೂ ಅದೇ ಮಾತ್ರೆಯಲ್ಲವೇ? ಅರ್ಧ ಮುರಿದು ಹಾಕಿದರಾಯಿತು’ ಎನ್ನುವವರಿದ್ದಾರೆ. ಇದನ್ನು ಪ್ರೀತಿಯೆಂದು ಕರೆಯಲು ನಾನು ಸಿದ್ಧನಿಲ್ಲ, ಇದು ಉದ್ಧಟತನ.

ಔಷಧದ ಹೆಸರು ಒಂದೇ ಎಂಬುದು ನಿಜ. ಬೆಕ್ಕಿನ ಅಧಿಕ ರಕ್ತದೊತ್ತಡಕ್ಕೆ ಪಶುವೈದ್ಯರು ಹೆಚ್ಚಾಗಿ ಬರೆಯುವುದು ನಮಗೂ ಕೊಡುವ ಆಮ್ಲೋಡಿಪಿನ್ ಅನ್ನೇ. ಆದರೆ ಲೆಕ್ಕ ಹಾಕಿರಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಸಾಮಾನ್ಯವಾಗಿ ಆರಂಭಿಸುವ ಪ್ರಮಾಣ ದಿನಕ್ಕೆ 0.625 ಮಿಲಿಗ್ರಾಂ. ನಮ್ಮ 5 ಮಿಲಿಗ್ರಾಂ ಮಾತ್ರೆಯ ಎಂಟನೆಯ ಒಂದು ಪಾಲು ಅದು. ಅರ್ಧ ಮಾತ್ರೆಯೆಂದರೆ ನಾಲ್ಕು ಪಟ್ಟು! ಒತ್ತಡ ಅತಿಯಾಗಿ ಇಳಿದರೆ ಪ್ರಾಣಿ ನಿತ್ರಾಣಗೊಂಡು ಕುಸಿಯುತ್ತದೆ, ಜೀವಕ್ಕೇ ಅಪಾಯವಾದೀತು. ಎರಡು ಮೂರು ಔಷಧಗಳನ್ನು ಬೆರೆಸಿದ ಮಾತ್ರೆಯಾದರಂತೂ ಕೇಳುವುದೇ ಬೇಡ. ನಾಯಿಯ ಚಿಕಿತ್ಸೆಯ ಕ್ರಮವೇ ಬೇರೆ: ಅದಕ್ಕೆ ಸಾಮಾನ್ಯವಾಗಿ ಎನಾಲಾಪ್ರಿಲ್, ಬೆನಾಜೆಪ್ರಿಲ್ ಗುಂಪಿನ ಔಷಧ ಮೊದಲು, ಬೇಕಾದರೆ ಆಮ್ಲೋಡಿಪಿನ್ ಅದರ ಜೊತೆಗೆ.

‘ಪಶುವೈದ್ಯರ ಬಳಿ ಹೋದರೆ ಖರ್ಚು’ ಎಂಬ ವಾದವಿದೆ. ಮಾತ್ರೆ ಅಗ್ಗವೇ, ಬೆಲೆಬಾಳುವುದು ಅಳತೆ. ಅಮೆರಿಕದ ಪಶುವೈದ್ಯ ತಜ್ಞರ 2018ರ ಮಾರ್ಗಸೂಚಿಯಂತೆ ಮೇಲಿನ ಅಂಕಿ 160 ದಾಟಿದರೆ ಅಧಿಕ, 180 ದಾಟಿದರೆ ತೀವ್ರ. ಬೆದರಿದ ಬೆಕ್ಕಿನಲ್ಲಿ ಈ ಅಂಕಿ ತಾನಾಗಿಯೇ ಏರುವುದರಿಂದ, ಅದನ್ನು ಐದು ಹತ್ತು ನಿಮಿಷ ಸುಮ್ಮನೆ ಬಿಟ್ಟು, ಹಲವು ಬಾರಿ ಅಳೆದು ಸರಾಸರಿ ತೆಗೆಯಬೇಕು. ಬೆಕ್ಕಿನಲ್ಲಿ ಈ ರೋಗದ ಮೂಲ ಬಹುತೇಕ ಮೂತ್ರಪಿಂಡದಲ್ಲೋ ಥೈರಾಯ್ಡ್ ಗ್ರಂಥಿಯಲ್ಲೋ ಇರುತ್ತದೆ. ಅದನ್ನು ನಮ್ಮ ಮನೆಯ ಮಾತ್ರೆಡಬ್ಬಿ ಹೇಳೀತೇ?

ಬೆಕ್ಕು ಚುರುಕಾಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸುವವರದೂ ಇದೇ ತಪ್ಪು. ಒತ್ತಡ ಮತ್ತೆ ಏರಿ, ಅಕ್ಷಿಪಟಲ ಕಳಚಿ, ಪ್ರಾಣಿ ಒಮ್ಮೆಲೇ ಕುರುಡಾಗಬಹುದು.

ಆದ್ದರಿಂದ ಪಶುವೈದ್ಯರು ಹೇಳಿದಷ್ಟೇ ಕೊಡಿ. ಹೇಳಿದ ದಿನ ಮರುಪರೀಕ್ಷೆಗೆ ಒಯ್ಯಿರಿ. ನಿಮ್ಮ ಮಾತ್ರೆಗಳನ್ನು ಅವುಗಳ ಬಾಯಿಗೆ ಎಟುಕದಂತೆ ಇಡಿ. ಒಂದು ವೇಳೆ ನುಂಗಿಬಿಟ್ಟರೆ ಲಕ್ಷಣ ಕಾಣಲೆಂದು ಕಾಯದೆ, ಮಾತ್ರೆಯ ಪಟ್ಟಿಯೊಂದಿಗೆ ಆಸ್ಪತ್ರೆಗೆ ಧಾವಿಸಿ. ತಲೆ ಸುತ್ತಿದರೆ ನಾವು ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ. ಮೂಕಪ್ರಾಣಿ ಯಾರಿಗೆ ಹೇಳೀತು?